ಗ್ರಹಣಿಯಿಂದ ಐ.ಬಿ.ಎಸ್. ವರೆಗೆ: ಹೇಳಿಕೊಳ್ಳಲಾಗದ ಬೇನೆಯೊಂದರ ಚರಿತ್ರೆ

ಶೌಚಕ್ಕೆ ಹೋಗುವುದನ್ನು ಹೆಸರಿಸದೆಯೇ ತಿಳಿಸುವ ಮಾತುಗಳು ನಮ್ಮ ಕನ್ನಡದಲ್ಲಿ ಎಷ್ಟಿವೆಯೆಂದು ಒಮ್ಮೆ ಎಣಿಸಿ ನೋಡಿ. ಬಹಿರ್ದೆಸೆಗೆ ಹೋಗುವುದು, ಕೆರೆಯ ಕಡೆ ಹೋಗುವುದು, ಬಯಲ ಕಡೆ ಹೋಗುವುದು, ಚೊಂಬು ತೆಗೆದುಕೊಂಡು ಹೋಗುವುದು. ಇವು ದಿಕ್ಕನ್ನು ಹೇಳುತ್ತವೆ, ಪಾತ್ರೆಯನ್ನು ಹೇಳುತ್ತವೆ. ಕ್ರಿಯೆಯನ್ನು ಮಾತ್ರ ಹೇಳುವುದಿಲ್ಲ. ಸಭ್ಯತೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ಆ ಕ್ರಿಯೆಗೆ ಸಂಬಂಧಿಸಿದ ಕಾಯಿಲೆ ಬಂದಾಗ ಅದೇ ಸಭ್ಯತೆ ರೋಗಿಯ ಬಾಯಿ ಕಟ್ಟಿಬಿಡುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳನ್ನು ಮದುವೆಮನೆಯ ಪಂಕ್ತಿಯಲ್ಲಿ ಕುಳಿತೇ ಹೇಳಿಕೊಳ್ಳಬಹುದು. ಬೆಳಗಿನಿಂದ ಐದು ಬಾರಿ ಹೋಗಿ ಬಂದೆನೆಂಬುದನ್ನು ಎಲ್ಲಿ ಕುಳಿತು ಹೇಳುವುದು?

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಹೀಗೆ ಹೇಳಿಕೊಳ್ಳಲಾಗದ ಒಂದು ಬೇನೆಯ ಚರಿತ್ರೆಯನ್ನು ಇಂದು ಬರೆಯಬಯಸುತ್ತೇನೆ. ಕೆಲವರಿಗೆ ವಿಷಯ ಅಸಹ್ಯವೆನಿಸಿದರೆ ಮನ್ನಿಸಬೇಕು. ಇದಕ್ಕೆ ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುತ್ತ, ತಾನು ಮೂರು ವರ್ಷಗಳಿಂದ ಊರ ಜಾತ್ರೆಗೆ ಬಾರದಿರುವುದಕ್ಕೆ ಕೆಲಸದ ಒತ್ತಡ ಕಾರಣವಲ್ಲ, ಹೊಟ್ಟೆ ಕಾರಣ ಎಂದು ದನಿ ತಗ್ಗಿಸಿ ಹೇಳಿದ. ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆ ನುಲಿಯಲು ತೊಡಗುತ್ತದೆಯಂತೆ. ರಕ್ತ, ಮಲ, ಸ್ಕ್ಯಾನಿಂಗ್, ಕೊಲೊನೋಸ್ಕೋಪಿ ಎಲ್ಲವೂ ಆದವು. ಎಲ್ಲದರಲ್ಲೂ ಫಲಿತಾಂಶ ಸರಿಯಾಗಿಯೇ ಇತ್ತು. ಮನೆಯವರು, 'ನಿನಗೇನೂ ಇಲ್ಲ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ' ಎನ್ನುತ್ತಾರೆ. 'ಸಾರ್, ನಿಜವಾಗಿಯೂ ನನಗೆ ಏನೂ ಇಲ್ಲವೇ?' ಎಂಬುದು ಅವನ ಪ್ರಶ್ನೆ.

ನಾನೂ ಇಪ್ಪತ್ತೇಳು ವರ್ಷಗಳಿಂದ ಅದೇ ದಾರಿಯ ಪಯಣಿಗ. ವೈದ್ಯರು ಅದಕ್ಕೆ ಇಟ್ಟಿರುವ ಹೆಸರು ಇರಿಟಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐ.ಬಿ.ಎಸ್. ಕೆರಳುವ ಕರುಳು ಎಂದು ಕನ್ನಡದಲ್ಲಿ ಹೇಳಬಹುದು. ನಾನು ವೈದ್ಯನಲ್ಲ, ಸಮಾಜ ವಿಜ್ಞಾನದ ಮೇಷ್ಟ್ರು. ಆದುದರಿಂದ ಅವನ ಪ್ರಶ್ನೆಗೆ ನನಗೆ ತಿಳಿದ ಮಾರ್ಗದಲ್ಲಿಯೇ, ಅಂದರೆ ಚರಿತ್ರೆಯ ಮಾರ್ಗದಲ್ಲಿಯೇ, ಉತ್ತರಿಸಲು ಯತ್ನಿಸುತ್ತೇನೆ. ಈ ಬೇನೆಯ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ರೋಗಿಯ ಮಾತನ್ನು ನಂಬಿದಾಗಲೆಲ್ಲ ವಿದ್ಯೆ ಒಂದು ಹೆಜ್ಜೆ ಮುಂದೆ ಹೋಗಿದೆ. ನಂಬದೇ ಹೋದಾಗ ಅನಾಹುತವಾಗಿದೆ.

ನಮ್ಮ ನೆಲದಿಂದಲೇ ಆರಂಭಿಸೋಣ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹದಿನೈದನೆಯ ಅಧ್ಯಾಯ ಗ್ರಹಣಿಗೆ, ಹತ್ತೊಂಬತ್ತನೆಯ ಅಧ್ಯಾಯ ಅತಿಸಾರಕ್ಕೆ ಮೀಸಲು. ಗ್ರಹಣಿ ಎಂಬುದು ಮೂಲತಃ ರೋಗದ ಹೆಸರಲ್ಲ, ಅಂಗದ ಹೆಸರು. ಉಂಡ ಅನ್ನವು ಪಕ್ವವಾಗುವ ತನಕ ಅದನ್ನು ಹಿಡಿದಿಟ್ಟುಕೊಳ್ಳುವ ಭಾಗವೇ ಗ್ರಹಣಿ. ಅಗ್ನಿ ಮಂದವಾಗಿ ಆ ಹಿಡಿತ ಸಡಿಲಿದಾಗ ಅನ್ನವು ಪಕ್ವವಾಗುವ ಮೊದಲೇ ಕೆಳಗಿಳಿಯುತ್ತದೆ. ಆಗ ಮಲವು ಒಮ್ಮೆ ಗಟ್ಟಿಯಾಗಿ, ಒಮ್ಮೆ ದ್ರವವಾಗಿ, ಪದೇ ಪದೇ ಹೋಗುತ್ತದೆ ಎಂದು ನಮ್ಮ ಪ್ರಾಚೀನರು ಗುರುತಿಸಿದರು. ಗ್ರಹಣಿಯೆಂಬ ಹೆಸರಿನಡಿ ಇಂದಿನ ಹಲವು ರೋಗಗಳು ಅಡಗಿರಬಹುದಾದ್ದರಿಂದ ಅದೇ ಐ.ಬಿ.ಎಸ್. ಎಂದು ಸಾಧಿಸುವುದು ತರವಲ್ಲ. ಆದರೆ 'ಒಮ್ಮೆ ಗಟ್ಟಿ, ಒಮ್ಮೆ ದ್ರವ' ಎಂಬ ಲಕ್ಷಣವನ್ನು ಬರೆದಿಟ್ಟವರು ರೋಗಿಯ ಪಕ್ಕದಲ್ಲಿ ಕುಳಿತು, ಅವನು ಹೇಳಿದ್ದನ್ನು ಸಾವಧಾನದಿಂದ ಕೇಳಿದವರೇ ಇರಬೇಕು.

ಅತಿಸಾರದ ಅಧ್ಯಾಯದಲ್ಲಿ ಇನ್ನೂ ಸೋಜಿಗದ ಸಂಗತಿಯಿದೆ. ಅಲ್ಲಿ ಹೇಳಿರುವ ಆರು ಬಗೆಯ ಅತಿಸಾರಗಳಲ್ಲಿ ನಾಲ್ಕು ವಾತ, ಪಿತ್ತ, ಕಫ ಮತ್ತು ಈ ಮೂರರ ಸನ್ನಿಪಾತದಿಂದ ಬರುವಂಥವು. ಉಳಿದೆರಡು ಯಾವುವು ಗೊತ್ತೇ? ಒಂದು ಭಯದಿಂದ ಬರುವುದು, ಇನ್ನೊಂದು ಶೋಕದಿಂದ ಬರುವುದು. ಪರೀಕ್ಷೆಯ ದಿನ ಬೆಳಗ್ಗೆ ಹೊಟ್ಟೆ ಕೆಟ್ಟ ಅನುಭವ ನಿಮ್ಮಲ್ಲಿ ಎಷ್ಟೋ ಮಂದಿಗೆ ಇದ್ದೀತು. ಗಮನಿಸಬೇಕಾದದ್ದೇನೆಂದರೆ, ಭಯದಿಂದ ಬಂದುದೆಂಬ ಕಾರಣಕ್ಕೆ ಅದನ್ನು ಸುಳ್ಳು ಕಾಯಿಲೆಯೆಂದು ಅವರು ತಳ್ಳಿಹಾಕಲಿಲ್ಲ. ಉಳಿದ ನಾಲ್ಕರ ಪಂಕ್ತಿಯಲ್ಲಿಯೇ ಅದನ್ನೂ ಕೂರಿಸಿದರು. ರೋಗಿಗೆ ಹರ್ಷವನ್ನೂ ಸಮಾಧಾನವನ್ನೂ ಉಂಟುಮಾಡುವುದು ಚಿಕಿತ್ಸೆಯ ಭಾಗವೆಂದರು. ಗ್ರಹಣಿಗೆ ಮಜ್ಜಿಗೆ ಶ್ರೇಷ್ಠವೆಂದು ಹೇಳಿದವರೂ ಅವರೇ. ನಮ್ಮ ಅಜ್ಜಿಯರು ಹೊಟ್ಟೆ ಕೆಟ್ಟವರಿಗೆ ಮಜ್ಜಿಗೆ ಅನ್ನ ಬಡಿಸುವ ಪದ್ಧತಿಯ ಹಿಂದೆ ಇಷ್ಟು ಹಳೆಯ ವಿದ್ಯೆಯಿದೆ.

ಇನ್ನು ಪಶ್ಚಿಮದ ಕಡೆ ನೋಡೋಣ. 1849ರಲ್ಲಿ ಕಮಿಂಗ್ ಎಂಬ ವೈದ್ಯನು ಲಂಡನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಕರುಳಿನ ಒಂದು ವಿಚಿತ್ರ ಬೇನೆಯ ಬಗ್ಗೆ ಬರೆದನು. ಒಬ್ಬನೇ ರೋಗಿಯಲ್ಲಿ ಒಮ್ಮೆ ಮಲಬದ್ಧತೆ, ಇನ್ನೊಮ್ಮೆ ಭೇದಿ. ಒಂದೇ ರೋಗಕ್ಕೆ ಇಂತಹ ಎರಡು ವಿರುದ್ಧ ಲಕ್ಷಣಗಳು ಹೇಗೆ ಸಾಧ್ಯವೆಂಬುದು ಅವನ ಬೆರಗು. ನಮ್ಮವರ 'ಒಮ್ಮೆ ಗಟ್ಟಿ, ಒಮ್ಮೆ ದ್ರವ' ಎಂಬುದೇ ಇಲ್ಲಿ ಇನ್ನೊಂದು ಭಾಷೆಯಲ್ಲಿ ಮರಳಿ ಕಾಣಿಸಿಕೊಂಡಿದೆ.

ಆ ಶತಮಾನದ ನಡುವಿನಲ್ಲಿಯೇ ಕರುಳಿನ ಗೋಡೆಯೊಳಗೆ ನರಗಳ ಎರಡು ಬಲೆಗಳಿರುವುದನ್ನು ಮೈಸ್ನರ್ ಮತ್ತು ಔಅರ್‌ಬಾಖ್ ಎಂಬ ಜರ್ಮನ್ ವಿಜ್ಞಾನಿಗಳು ಕಂಡುಹಿಡಿದರು. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅವರು, ಹೊರಗಿನ ನರಗಳ ಸಂಪರ್ಕವನ್ನು ಕಡಿದರೂ ಕರುಳು ತನ್ನೊಳಗಿನದನ್ನು ತಾನೇ ಮುಂದೆ ತಳ್ಳಬಲ್ಲದೆಂದು ತೋರಿಸಿದರು. ಕರುಳಿನಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ. ಮಿದುಳಿನ ಸಂಗಡ ಅವು ಸದಾ ಮಾತನಾಡುತ್ತಿರುತ್ತವೆ, ಬೇಕಾದಾಗ ಸ್ವತಂತ್ರವಾಗಿಯೂ ವರ್ತಿಸುತ್ತವೆ. ನಮ್ಮ ದೇಹದ ಸೆರೊಟೋನಿನ್ ಎಂಬ ರಾಸಾಯನಿಕದಲ್ಲಿ ನೂರಕ್ಕೆ ತೊಂಬತ್ತರಷ್ಟು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. 'ಕರುಳು ಚುರುಕ್ ಎಂದಿತು' ಎಂದು ನಾವು ಹೇಳುವಾಗ ತಿಳಿಯದೆಯೇ ಶರೀರಶಾಸ್ತ್ರವನ್ನು ಹೇಳುತ್ತಿರುತ್ತೇವೆ.

ಇದೇ ಕಾಲದಲ್ಲಿ ನಮ್ಮ ದೇಶದಲ್ಲಿ ಹೊಟ್ಟೆ ಕೆಟ್ಟವರ ಪಾಡೇನಾಗಿತ್ತು? ಅದಕ್ಕೆ ಸಾಕ್ಷಿ ಆಸ್ಪತ್ರೆಯ ಕಡತವಲ್ಲ, ರೈಲ್ವೆಯ ಕಡತ. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತೆಂಬುದನ್ನು ನನ್ನ ಪಾಠ ಕೇಳಿದವರೆಲ್ಲ ಬಾಯಿಪಾಠ ಮಾಡಿದ್ದೀರಿ. ಆದರೆ ಮುಂದಿನ ಐವತ್ತಕ್ಕೂ ಹೆಚ್ಚು ವರ್ಷ ಕೆಳದರ್ಜೆಯ ಪ್ರಯಾಣಿಕರಿಗೆ ಬಂಡಿಯೊಳಗೆ ಶೌಚದ ಅನುಕೂಲವಿರಲಿಲ್ಲ. ರೈಲು ನಿಂತಾಗ ಇಳಿಯಬೇಕು, ಹೊರಡುವುದರೊಳಗೆ ಹತ್ತಬೇಕು. 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ಬಂಗಾಳಿ ಪ್ರಯಾಣಿಕರು ಸಾಹಿಬ್‌ಗಂಜ್ ವಿಭಾಗೀಯ ಕಚೇರಿಗೆ ಒಂದು ದೂರಿನ ಪತ್ರ ಬರೆದರು. ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬರಿಸಿದ್ದ ಅವರು ಅಹಮದ್‌ಪುರ ನಿಲ್ದಾಣದಲ್ಲಿ ಶೌಚಕ್ಕೆಂದು ಇಳಿದಿದ್ದರು. ಅಷ್ಟರಲ್ಲಿ ಗಾರ್ಡು ಸೀಟಿ ಊದಿದ. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಧೋತರ ಹಿಡಿದು ಓಡುತ್ತ ಅವರು ಪ್ಲಾಟ್‌ಫಾರಂ ಮೇಲೆ ಗಂಡಸರು ಹೆಂಗಸರೆಲ್ಲರ ಮುಂದೆ ಬಿದ್ದರು. ರೈಲು ಹೊರಟುಹೋಯಿತು. ಗಾರ್ಡಿಗೆ ದಂಡ ಹಾಕದಿದ್ದರೆ ಪತ್ರಿಕೆಗಳಿಗೆ ಬರೆಯುವೆನೆಂದು ಅವರು ಎಚ್ಚರಿಸಿದರು.

ಈ ಪತ್ರವನ್ನು ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಇಡಲಾಗಿತ್ತು. ಅದರ ತಪ್ಪು ಇಂಗ್ಲಿಷನ್ನು ಓದಿ ಜನ ನಗುತ್ತಾರೆ. ಇದೊಂದೇ ಪತ್ರದಿಂದ ರೈಲಿಗೆ ಶೌಚಾಲಯ ಬಂತೆಂದು ಹೇಳುವ ವಾಡಿಕೆಯೂ ಇದೆ. ಒಂದು ಪತ್ರದಿಂದ ಅಷ್ಟು ದೊಡ್ಡ ವ್ಯವಸ್ಥೆ ಬದಲಾಯಿತೆಂದು ಒಪ್ಪಲು ಚರಿತ್ರೆಯ ಮೇಷ್ಟ್ರಿಗೆ ಕಷ್ಟ. ಆದರೆ ಆ ಮನುಷ್ಯನ ಧೈರ್ಯವನ್ನು ನೋಡಿ. ತನಗಾದ ಅವಮಾನವನ್ನು ನುಂಗಿಕೊಳ್ಳದೆ, ಬಾರದ ಭಾಷೆಯಲ್ಲಿ, ಸರ್ಕಾರಕ್ಕೆ ಬರೆದು ಸಹಿ ಹಾಕಿದರು. ಹೊಟ್ಟೆಯ ಸಂಕಟವನ್ನು ನಾಗರಿಕನ ಹಕ್ಕಿನ ಪ್ರಶ್ನೆಯಾಗಿ ಎತ್ತಿದ ಈ ಪತ್ರಕ್ಕೆ ನಗುವುದಕ್ಕಿಂತ ನಮಸ್ಕರಿಸುವುದು ಮೇಲು. 1917ರಲ್ಲಿ ಗಾಂಧೀಜಿಯವರು ಮೂರನೆಯ ದರ್ಜೆಯ ರೈಲು ಪ್ರಯಾಣವನ್ನು ಕುರಿತು ಬರೆದಾಗಲೂ ಶೌಚಾಲಯಗಳ ಹೊಲಸನ್ನು ಎತ್ತಿ ಆಡಿದರು. ಇನ್ನು ರೈಲು ನಡೆಸುವವರ ಎಂಜಿನ್ನಿನೊಳಗೆ ಶೌಚಾಲಯದ ವ್ಯವಸ್ಥೆ ಆರಂಭವಾದದ್ದು 2016ರಲ್ಲಿ. ಲೆಕ್ಕ ಹಾಕಿ: ಮೊದಲ ರೈಲು ಓಡಿ 163 ವರ್ಷಗಳ ಬಳಿಕ!

ರೈಲಿನ ಮಾತು ಬಂದಾಗ ಜಪಾನನ್ನು ನೆನೆಯದಿರಲಾಗದು. ಅಲ್ಲಿ ಪ್ರತಿದಿನ ರೈಲಿನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಈ ಬೇನೆಯಿರುವವರು ವೇಗದ ರೈಲನ್ನು ಬಿಟ್ಟು, ಎಲ್ಲ ನಿಲ್ದಾಣಗಳಲ್ಲಿಯೂ ನಿಲ್ಲುವ ನಿಧಾನದ ರೈಲನ್ನು ಹತ್ತುತ್ತಾರೆ. ಹೊಟ್ಟೆ ಕೆಟ್ಟರೆ ಮುಂದಿನ ನಿಲ್ದಾಣದಲ್ಲಿ ಇಳಿಯಬಹುದಲ್ಲ! ಈ ಅವಸ್ಥೆಗೆ ಅವರ ಭಾಷೆಯಲ್ಲಿ 'ಪ್ರತಿ ನಿಲ್ದಾಣದಲ್ಲೂ ನಿಲ್ಲುವ ಕಾಯಿಲೆ' ಎಂಬ ಅರ್ಥದ ಹೆಸರೇ ಬಿದ್ದಿದೆ. ನನ್ನ ಹಳೆಯ ವಿದ್ಯಾರ್ಥಿಗೆ ಇದನ್ನು ತಿಳಿಸಿದಾಗ, ತಾನೂ ರಾಜಹಂಸ ಬಿಟ್ಟು ಸಾಮಾನ್ಯ ಕೆಂಪು ಬಸ್ಸನ್ನೇ ಹುಡುಕುತ್ತಿದ್ದೆನೆಂದ.

ಆದರೆ ಅದೇ ಜಪಾನಿನಲ್ಲಿ ನಡೆದ ಒಂದು ದುರಂತವನ್ನೂ ಹೇಳಲೇಬೇಕು. 1950ರ ದಶಕದ ನಡುವಿನಿಂದ ಅಲ್ಲಿ ಹೊಸ ರೋಗವೊಂದು ಕಾಣಿಸಿಕೊಂಡಿತು. ಮೊದಲು ಹೊಟ್ಟೆನೋವು, ಭೇದಿ. ಆಮೇಲೆ ಪಾದಗಳು ಮರಗಟ್ಟಿ ಕಾಲಿನ ಶಕ್ತಿ ಉಡುಗುವುದು. ಕೆಲವರಿಗೆ ಕಣ್ಣೇ ಹೋಗುವುದು. ಸ್ಮಾನ್ ಎಂದು ಅದಕ್ಕೆ ಹೆಸರಿಟ್ಟರು. ಇದು ವೈರಸ್ಸಿನಿಂದ ಹರಡುವ ರೋಗವೆಂಬ ಸುದ್ದಿ ಹಬ್ಬಿ, ನೆರೆಹೊರೆಯವರು ರೋಗಿಗಳನ್ನು ದೂರವಿಟ್ಟರು. ಆ ಅವಮಾನ ತಾಳಲಾರದೆ ಪ್ರಾಣ ಕಳೆದುಕೊಂಡವರೂ ಉಂಟು. ಕೊನೆಗೆ ಗುಟ್ಟನ್ನು ಬಿಚ್ಚಿದ್ದು ಒಂದು ಬಣ್ಣ. ಕೆಲವು ರೋಗಿಗಳ ನಾಲಗೆ ಮತ್ತು ಮೂತ್ರ ಹಸಿರಾಗಿದ್ದವು. ಆ ಹಸಿರನ್ನು ಪರೀಕ್ಷಿಸಿದಾಗ ಅದು ಕ್ಲಿಯೊಕ್ವಿನಾಲ್ ಎಂಬ ಔಷಧದಿಂದ ಬಂದದ್ದೆಂದು ತಿಳಿಯಿತು. ಹೊಟ್ಟೆಯ ತೊಂದರೆಗೆಂದು ತಿಂಗಳುಗಟ್ಟಲೆ ನುಂಗಿದ ಮಾತ್ರೆಯೇ ನರಗಳನ್ನು ತಿಂದಿತ್ತು.

1970ರಲ್ಲಿ ನಿಗಾಟಾ ವಿಶ್ವವಿದ್ಯಾಲಯದ ತ್ಸುಬಾಕಿ ಎಂಬ ವೈದ್ಯರು ಈ ಸಂಬಂಧವನ್ನು ಬಹಿರಂಗಪಡಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಔಷಧದ ಮಾರಾಟ ನಿಂತಿತು. ಬಳಿಕ ಹೊಸ ರೋಗಿಗಳು ಬರುವುದೂ ಹೆಚ್ಚುಕಡಿಮೆ ನಿಂತಿತು. ಅಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಬಲಿಪಶುಗಳಾಗಿದ್ದರು. 1978ರಲ್ಲಿ ಟೋಕಿಯೋ ನ್ಯಾಯಾಲಯವು ಕಂಪನಿಗಳನ್ನೂ ಸರ್ಕಾರವನ್ನೂ ಹೊಣೆಯಾಗಿಸಿತು. ಕ್ಲಿಯೊಕ್ವಿನಾಲ್ ಇದ್ದ ಮಾತ್ರೆಗಳು ನಮ್ಮ ದೇಶದಲ್ಲಿಯೂ ಆಮಶಂಕೆಯ ಮದ್ದೆಂದು ಧಾರಾಳವಾಗಿ ಮಾರಾಟವಾಗುತ್ತಿದ್ದವು. ನಾಚಿಕೆಯಿಂದ ವೈದ್ಯರ ಬಳಿಗೆ ಹೋಗದೆ, ಔಷಧದಂಗಡಿಯಲ್ಲಿ ಕಂಡ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವ ಅಭ್ಯಾಸವಿರುವ ನನ್ನ ಬಂಧುಗಳು ಈ ಕಥೆಯನ್ನು ಇನ್ನೊಮ್ಮೆ ಓದಬೇಕೆಂದು ವಿನಂತಿ.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಎಲ್ಲವೂ ಮನಸ್ಸಿನದೇ? 1940ರ ದಶಕದಲ್ಲಿ ಅಮೆರಿಕದ ತಾಮಸ್ ಆಲ್ಮಿ ಎಂಬ ವೈದ್ಯರು ಮಾಡಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಸ್ವಯಂಸೇವಕನಾಗಿ ಬಂದ ವೈದ್ಯ ವಿದ್ಯಾರ್ಥಿಯ ದೊಡ್ಡ ಕರುಳನ್ನು ನಳಿಕೆಯ ಮೂಲಕ ನೋಡುತ್ತಿರುವಾಗ, ಅಲ್ಲಿ ಕ್ಯಾನ್ಸರ್ ಕಂಡಿತೆಂಬ ಸುಳ್ಳನ್ನು ಅವನ ಕಿವಿಗೆ ಬೀಳುವಂತೆ ಆಡಲಾಯಿತು. ಕರುಳು ಕಣ್ಣೆದುರಿಗೇ ಬಿಗಿದು ಸೆಟೆದುಕೊಂಡಿತು; ಸುಳ್ಳೆಂದು ತಿಳಿಸಿದ ಮೇಲೆ ಸಡಿಲಿತು. ಇಂದು ಇಂತಹ ಪ್ರಯೋಗಕ್ಕೆ ಯಾವ ಸಮಿತಿಯೂ ಒಪ್ಪಿಗೆ ಕೊಡಲಾರದು, ಕೊಡಲೂಬಾರದು. ಆದರೆ ಚರಕನ ಭಯಜ ಅತಿಸಾರವನ್ನು ಕಣ್ಣಾರೆ ಕಂಡಂತಾಯಿತು. ಭಯ ಮನಸ್ಸಿನದು, ನಿಜ. ಬಿಗಿದ ಕರುಳು ಮಾತ್ರ ಮಾಂಸದ್ದೇ.

1962ರಲ್ಲಿ ಆಕ್ಸ್‌ಫರ್ಡಿನ ಚೌಧರಿ ಮತ್ತು ಟ್ರೂಲವ್ ಅವರು ಇಂತಹ 130 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಸುಮಾರು ಕಾಲುಭಾಗದವರಿಗೆ ಈ ಬೇನೆ ಶುರುವಾದದ್ದು ಒಂದು ಆಮಶಂಕೆಯ ಬಳಿಕ. ಇದಕ್ಕೆ ದೃಢವಾದ ಪುರಾವೆ ಸಿಕ್ಕಿದ್ದು ಕೆನಡಾದ ವಾಕರ್‌ಟನ್ ಎಂಬ ಸಣ್ಣ ಪಟ್ಟಣದಲ್ಲಿ. 2000ದ ಮೇ ತಿಂಗಳಲ್ಲಿ ಅಲ್ಲಿನ ಕುಡಿಯುವ ನೀರು ಕೆಟ್ಟು, ಸುಮಾರು 2300 ಜನ ವಾಂತಿಭೇದಿಯಿಂದ ನರಳಿ, ಏಳು ಮಂದಿ ಸತ್ತರು. ಎರಡು ಮೂರು ವರ್ಷಗಳ ಬಳಿಕ ವಿಚಾರಿಸಿದಾಗ, ಅಂದು ಕಾಯಿಲೆಗೆ ತೀವ್ರವಾಗಿ ತುತ್ತಾಗಿದ್ದವರಲ್ಲಿ ಮೂವರಿಗೊಬ್ಬರಷ್ಟು ಜನ ಐ.ಬಿ.ಎಸ್. ಅನುಭವಿಸುತ್ತಿದ್ದರು, ಅಂದು ಪಾರಾಗಿದ್ದವರಲ್ಲಿ ಹತ್ತರಲ್ಲಿ ಒಬ್ಬರು ಮಾತ್ರ. ಒಂದೇ ಊರು, ಒಂದೇ ಬಗೆಯ ಜನ. ವ್ಯತ್ಯಾಸ ಒಂದು ಸೋಂಕು. ಅಂದಮೇಲೆ ಇದನ್ನು ಮನಸ್ಸಿಗೆ ಹಚ್ಚಿಕೊಂಡ ಕಾಯಿಲೆ ಎಂದು ಹೇಗೆ ಹೇಳುವುದು? ಸೋಂಕು ಹೋದರೂ ಕರುಳು ಅದನ್ನು ಮರೆಯದೆ ಕೆರಳುತ್ತಲೇ ಇರುತ್ತದೆ. ನನ್ನ ಬೇನೆಯೂ ಒಂದು ಮಳೆಗಾಲದ ಆಮಶಂಕೆಯ ಬಳಿಕವೇ ಶುರುವಾಯಿತು.

ರೋಗಿಯ ಮಾತಿಗೆ ಶಾಸ್ತ್ರದ ಮನ್ನಣೆ ಸಿಕ್ಕಿದ್ದು 1978ರಲ್ಲಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮ್ಯಾನಿಂಗ್ ಮತ್ತು ಸಂಗಡಿಗರು ಹೊಟ್ಟೆಬೇನೆಯವರಿಗೆ ಪ್ರಶ್ನಾವಳಿ ಕೊಟ್ಟು ಉತ್ತರ ಪಡೆದರು. ಬಳಿಕ ಯಾರಿಗೆ ಯಾವ ರೋಗವೆಂದು ನಿರ್ಧಾರವಾಯಿತೋ ಅದರೊಡನೆ ತಾಳೆ ನೋಡಿದರು. ಶೌಚವಾದ ಮೇಲೆ ನೋವು ತಗ್ಗುವುದು, ನೋವು ಬಂದಾಗ ಹೆಚ್ಚು ಬಾರಿ ಹೋಗಬೇಕಾಗುವುದು, ಆಗ ಮಲ ತೆಳುವಾಗುವುದು, ಹೊಟ್ಟೆ ಎದ್ದು ಕಾಣುವಂತೆ ಉಬ್ಬುವುದು: ಈ ನಾಲ್ಕು ಲಕ್ಷಣಗಳು ಕೆರಳುವ ಕರುಳಿನವರಲ್ಲಿ ಹೆಚ್ಚಾಗಿ ಕಂಡವು. ಯಂತ್ರಕ್ಕೆ ಕಾಣದ ರೋಗವನ್ನು ಮಾತಿನಿಂದಲೇ ಗುರುತಿಸಬಹುದೆಂದಾಯಿತು. ಇದೇ ದಾರಿಯಲ್ಲಿ ಮುಂದೆ ರೋಮ್ ಮಾನದಂಡಗಳೆಂಬ ನಿಯಮಗಳು ಬಂದವು. ಅವುಗಳ ನಾಲ್ಕನೆಯ ಆವೃತ್ತಿ ಪ್ರಕಟವಾದದ್ದು 2016ರಲ್ಲಿ. ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೊಂದು ದಿನವಾದರೂ ಹೊಟ್ಟೆನೋವಿದ್ದು, ಅದು ಶೌಚದೊಡನೆ ಅಥವಾ ಅದರ ಬದಲಾವಣೆಗಳೊಡನೆ ಹೊಂದಿಕೊಂಡಿದ್ದರೆ, ಮತ್ತು ಇದು ಆರಂಭವಾಗಿ ಆರು ತಿಂಗಳಾದರೂ ಆಗಿದ್ದರೆ ಐ.ಬಿ.ಎಸ್. ಎನ್ನಬಹುದು. ಇದನ್ನು ಈಗ ಕರುಳು ಮತ್ತು ಮಿದುಳಿನ ಪರಸ್ಪರ ವ್ಯವಹಾರದ ತೊಂದರೆ ಎನ್ನುತ್ತಾರೆ. ತಪ್ಪು ಕರುಳಿನದೂ ಅಲ್ಲ, ಮಿದುಳಿನದೂ ಅಲ್ಲ. ಅವೆರಡರ ನಡುವಿನ ಅಂಚೆ ವ್ಯವಸ್ಥೆ ಕೆಟ್ಟಿದೆ ಎಂದು ನಾನು ತರಗತಿಯಲ್ಲಾದರೆ ವಿವರಿಸುತ್ತಿದ್ದೆ.

ಸಾಯಿಸದ ಈ ಕಾಯಿಲೆ ಜೀವನವನ್ನು ಎಷ್ಟು ಕಿರಿದಾಗಿಸುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಭೇದಿ ಪ್ರಧಾನವಾದ ಐ.ಬಿ.ಎಸ್.ಗೆಂದು ಅಲೊಸೆಟ್ರಾನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2000ದ ಫೆಬ್ರವರಿಯಲ್ಲಿ ಅನುಮತಿ ದೊರೆಯಿತು. ಕೆಲವರಿಗೆ ಕರುಳಿನ ರಕ್ತಸಂಚಾರ ಕುಂದಿ ಪ್ರಾಣಾಪಾಯವಾದುದರಿಂದ ಅದೇ ನವೆಂಬರಿನಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಆಗ ರೋಗಿಗಳೇ ಸರ್ಕಾರಕ್ಕೆ ಮನವಿಯ ಮೇಲೆ ಮನವಿ ಸಲ್ಲಿಸಿದರು: ಅಪಾಯ ನಮಗೆ ಗೊತ್ತು, ಆದರೂ ಮನೆಯಿಂದ ಹೊರಗೆ ಹೋಗುವಂತಾಗಲು ಆ ಔಷಧವೇ ಬೇಕು ಎಂದು. 2002ರ ಜೂನ್‌ನಲ್ಲಿ ಕಟ್ಟುನಿಟ್ಟಾದ ಷರತ್ತುಗಳೊಡನೆ ಅದು ಮರಳಿ ಬಂತು. ಪ್ರಾಣಭಯವಿದ್ದರೂ ಒಂದು ಔಷಧವನ್ನು ಮರಳಿ ಕೇಳುವಷ್ಟು ಸಂಕಟವಿರುವಾಗ 'ನಿನಗೇನೂ ಇಲ್ಲ' ಎನ್ನುವುದು ಎಂತಹ ಮಾತು!

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ನನಗೆ ಹೇಳದ ಬಂಧುಗಳಿಲ್ಲ. ಗಾದೆ ದೊಡ್ಡದು, ಆದರೆ ಊಟ ಬಲ್ಲವನಿಗೂ ಈ ರೋಗ ಬರುತ್ತದೆ. ಬಂದ ಮೇಲೆ ಊಟವನ್ನು ಹೊಸದಾಗಿ ಕಲಿಯಬೇಕು. 2005ರಿಂದೀಚೆಗೆ ಆಸ್ಟ್ರೇಲಿಯದ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಫಾಡ್‌ಮ್ಯಾಪ್ ಎಂಬ ಪಥ್ಯಕ್ರಮವನ್ನು ರೂಪಿಸಿದ್ದಾರೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಲವು ಬಗೆಯ ಕಾಳುಬೇಳೆ, ಹಾಲು, ಮಾವು, ಸೇಬು ಮುಂತಾದವುಗಳಲ್ಲಿರುವ ಕೆಲವು ಸಕ್ಕರೆಯಂಶಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲ್ಪಡದೆ, ಮುಂದೆ ಹೋಗಿ ಹುದುಗಿ, ನೀರನ್ನೂ ವಾಯುವನ್ನೂ ಹೆಚ್ಚಿಸುತ್ತವೆ. ಕೆಲವು ವಾರ ಅವನ್ನೆಲ್ಲ ಬಿಟ್ಟು, ಆಮೇಲೆ ಒಂದೊಂದಾಗಿ ಮರಳಿ ತಿಂದು, ತನಗೆ ಆಗದ್ದು ಯಾವುದೆಂದು ಕಂಡುಕೊಳ್ಳಬೇಕು. ಎಲ್ಲವನ್ನೂ ಬದುಕಿಡೀ ಬಿಡುವುದಲ್ಲ. ಬಿಟ್ಟರೆ ಮೈ ಸೊರಗೀತು. ಇದನ್ನು ತಿಳಿದವರ ಸಲಹೆ ಪಡೆದೇ ಮಾಡುವುದು ಕ್ಷೇಮ.

ನನ್ನ ದಿನಚರಿಯನ್ನೂ ಹೇಳಿಬಿಡುತ್ತೇನೆ. ನಿವೃತ್ತನಾಗುವ ತನಕ ನಾನು ಐದು ಗಂಟೆಗೆ ಏಳುತ್ತಿದ್ದುದು ಶಿಸ್ತಿಗಾಗಿ ಮಾತ್ರವಲ್ಲ. ಮೊದಲ ಪೀರಿಯಡ್ಡಿನೊಳಗೆ ಹೊಟ್ಟೆಗೆ ಮೂರು ಗಂಟೆಗಳ ಬಿಡುವು ಬೇಕಿತ್ತು. ನನ್ನ ಕುರ್ಚಿ ಸದಾ ಬಾಗಿಲ ಬಳಿಯಲ್ಲಿ ಇರುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬೆಳಗಿನ ಕಾಫಿಯನ್ನು ಅರ್ಧ ಲೋಟಕ್ಕೆ ಇಳಿಸಿದೆ. ಪ್ರಯಾಣದ ದಿನ ಉಪವಾಸ ಮಾಡಿ ನೋಡಿದೆ. ಸಂಕಟ ಹೆಚ್ಚಿತೇ ಹೊರತು ತಗ್ಗಲಿಲ್ಲ. ಈಗ ಹೊತ್ತಿಗೆ ಸರಿಯಾಗಿ ಸ್ವಲ್ಪ ಅನ್ನ, ಮಜ್ಜಿಗೆ. ಮಜ್ಜಿಗೆ ನನಗೆ ಒಗ್ಗಿದೆ. ಹಾಲಿನ ಅಂಶವೇ ಆಗದವರಿಗೆ ಅದೂ ಒಗ್ಗದಿರಬಹುದು. ರಾತ್ರಿ ವೈದ್ಯರು ಹೇಳಿದಂತೆ ಇಸಬ್‌ಗೋಲು. ಚೀಲದಲ್ಲಿ ಒಂದು ಪಂಚೆ, ನೀರಿನ ಬಾಟಲಿ, ಸಾಬೂನು. ತಿಂದದ್ದನ್ನೂ ಆದದ್ದನ್ನೂ ಬರೆದಿಡುವ ಒಂದು ಪುಸ್ತಕ. ಮದುವೆಗೆ ಹೋದರೆ ಮೊದಲು ನೋಡುವುದು ಮಂಟಪವನ್ನಲ್ಲ, ಶೌಚಾಲಯವನ್ನು. ಅದೆಲ್ಲಿದೆಯೆಂದು ತಿಳಿದೊಡನೆ ಅದರ ಅಗತ್ಯ ಅರ್ಧ ಕಡಿಮೆಯಾಗುವುದು ಈ ಬೇನೆಯ ವೈಚಿತ್ರ್ಯ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಬದಲಾವಣೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್: ಇವುಗಳಲ್ಲಿ ಯಾವುದೊಂದಿದ್ದರೂ ಐ.ಬಿ.ಎಸ್. ಎಂದು ತಾವೇ ತೀರ್ಮಾನಿಸದೆ ಬೇಗನೆ ವೈದ್ಯರಿಗೆ ತೋರಿಸಬೇಕು.

ಓಖಿಲ್ ಚಂದ್ರ ಸೇನರು ಎತ್ತಿದ ಪ್ರಶ್ನೆ ನಮ್ಮ ಶಾಲೆಗಳಿಗೆ ಬಂದದ್ದು ಬಹಳ ತಡವಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯಗಳಿರಬೇಕೆಂದು ವಿಧಿಸಿತು. 2012ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆರು ತಿಂಗಳೊಳಗೆ ಎಲ್ಲ ಶಾಲೆಗಳಲ್ಲಿ ಆ ಸೌಕರ್ಯ ಒದಗಿಸಬೇಕೆಂದು ಆದೇಶಿಸಿತು. ಕಟ್ಟಡ ಕಟ್ಟಿಸುವುದು ಸರ್ಕಾರದ ಕೆಲಸ. ಬಾಗಿಲಿನ ಬೀಗ ತೆಗೆದಿಡುವುದು, ನೀರಿದೆಯೇ ಎಂದು ನೋಡುವುದು, ಕೈಯೆತ್ತಿದ ಮಗುವಿಗೆ ಎಲ್ಲರೆದುರು ಕಾರಣ ಕೇಳದೆ 'ಹೋಗಿ ಬಾ' ಎನ್ನುವುದು ಮಾತ್ರ ಮೇಷ್ಟ್ರುಗಳ ಕೆಲಸ.

ನನ್ನ ವಿದ್ಯಾರ್ಥಿಗಳಲ್ಲಿ ಇಂದು ಉಪಾಧ್ಯಾಯರಾಗಿರುವವರು ಹದಿನಾಲ್ಕು ಮಂದಿ ಇದ್ದಾರೆಂದು ನನ್ನ ಲೆಕ್ಕ. ಈ ಕೊನೆಯ ಮಾತು ಅವರಿಗೆ. ಇನ್ನುಳಿದ ಬಂಧುಗಳು ಮುಂದಿನ ಸಲ ಮನೆಗೆ ನೆಂಟರು ಬಂದಾಗ ಕಾಲು ತೊಳೆಯಲು ನೀರು ಕೊಡುವ ಜೊತೆಗೇ, ಅವರು ಕೇಳುವ ಮೊದಲೇ, ಬಚ್ಚಲಮನೆ ಯಾವ ಕಡೆಗಿದೆ ಎಂದು ತೋರಿಸಿಬಿಡಿ. ಬಂದವರಲ್ಲಿ ಯಾರ ಹೊಟ್ಟೆಯಲ್ಲಿ ಏನಿದೆಯೋ ನಮಗೆ ತಿಳಿಯದು. ಅವರಾಗಿ ಹೇಳುವುದೂ ಇಲ್ಲ.